ಕ್ರೂಸ್‌ನಿಂದ ಬೇಗ ಹೊರಗೆ ಬರ್ಬೇಕಾ? ಮೊದಲು ಇಳೀರಿ, ಇಲ್ಲಾ ಕೊನೇಗೆ ಇಳೀರಿ

ಮಾಟುಂಗದ ನಮ್ಮ ಆಫೀಸಿಗೆ ಕ್ರೂಸ್ ಬುಕ್ ಮಾಡ್ಲಿಕ್ಕೆ ಬರುವವರು ತಪ್ಪದೆ ಕೇಳುವ ಪ್ರಶ್ನೆ ಒಂದುಂಟು. "ಶಿಪ್ಪು ಬೆಳಿಗ್ಗೆ ಆರಕ್ಕೇ ಬರ್ತದಂತಲ್ಲ, ಹಾಗಾದ್ರೆ ಒಂಬತ್ತೂವರೆಯ ಫ್ಲೈಟ್ ಸಿಗ್ತದಲ್ವಾ?" ಸಿಗೂದಿಲ್ಲ ಮಾರಾಯ್ರೆ. ಸಿಕ್ಕಿದ್ರೂ ಆ ಬೆಳಿಗ್ಗೆ ನಿಮ್ಮ ಬಿಪಿ ಎಷ್ಟಾಗಿರ್ತದೆ ಅಂತ ಡಾಕ್ಟರೇ ನೋಡ್ಬೇಕು. ನಾನು ಮಧ್ಯಾಹ್ನ ಒಂದು ಗಂಟೆಗಿಂತ ಮುಂಚಿನ ಫ್ಲೈಟ್ ಯಾರಿಗೂ ಮಾಡಿ ಕೊಡೂದಿಲ್ಲ, ಜಗಳ ಆದ್ರೂ ಪರವಾಗಿಲ್ಲ.

ಯಾಕೆ ಅಂದ್ರೆ ಶಿಪ್ಪು ದಕ್ಕೆಗೆ ತಾಗೂದು ಬೇರೆ, ನೀವು ಇಳಿಯೂದು ಬೇರೆ. ಹಗ್ಗ ಕಟ್ಟಿ ಗ್ಯಾಂಗ್‌ವೇ, ಅಂದ್ರೆ ಇಳಿಯುವ ಸೇತುವೆ, ಹಾಕಿದ ಮೇಲೂ ಅಲ್ಲಿನ ಕಸ್ಟಮ್ಸ್, ಇಮಿಗ್ರೇಷನ್, ಪೋರ್ಟ್ ಹೆಲ್ತ್‌ನವರು ಶಿಪ್ಪಿನ ಪೇಪರ್ ನೋಡಿ ಆಯ್ತು ಅನ್ನುವವರೆಗೆ ಒಬ್ಬರೂ ಕೆಳಗೆ ಕಾಲಿಡುವ ಹಾಗಿಲ್ಲ. ಆಮೇಲೆ ಬಾಗಿಲು ತೆಗೆದಾಗ ಏಕಕಾಲಕ್ಕೆ ಇಳಿಯುವ ಜನ ಎಷ್ಟು? ಒಂದು ವಿಮಾನದಲ್ಲಿ ಇನ್ನೂರು ಮುನ್ನೂರು ಜನ ಇರ್ತಾರೆ, ಐಕಾನ್ ಆಫ್ ದಿ ಸೀಸ್ ತರದ ಶಿಪ್ಪಲ್ಲಿ ರೂಮಿಗೆ ಇಬ್ಬರಂತೆ ಲೆಕ್ಕ ಹಾಕಿದ್ರೂ 5,610 ಜನ. ಅಷ್ಟೂ ಜನ ಒಂದೇ ಬಿಲ್ಡಿಂಗ್‌ನಿಂದ ಹೊರಗೆ ಹೋಗ್ಬೇಕು, ಅದೇ ದಿನ ಮಧ್ಯಾಹ್ನ ಅಷ್ಟೇ ಹೊಸ ಜನ ಹತ್ತಬೇಕು, ಹಾಗಾಗಿ ಶಿಪ್ಪಿನವರೂ ನಿಮ್ಮನ್ನು ಬೇಗ ಕಳಿಸ್ಲಿಕ್ಕೆ ಕಾಯ್ತಾ ಇರ್ತಾರೆ, ನಿಧಾನ ಮಾಡೂದು ಅವರಲ್ಲ.

ನಿಧಾನ ಆಗೂದು ಮಧ್ಯದಲ್ಲಿ ಇಳಿಯುವವರಿಗೆ. ಎಂಟರಿಂದ ಒಂಬತ್ತೂವರೆ ಮಧ್ಯೆ ಎಲ್ಲರೂ ತಿಂಡಿ ಮುಗಿಸಿ, ತಮ್ಮ ಬ್ಯಾಗಿಗೆ ಹಾಕಿದ ಟ್ಯಾಗ್‌ನ ನಂಬರ್ ಕರೆದ ಕೂಡ್ಲೇ ಒಟ್ಟಿಗೆ ನುಗ್ತಾರೆ, ಲಗೇಜ್ ಹಾಲಲ್ಲಿ ಒಂದೇ ಬಣ್ಣದ ಸೂಟ್‌ಕೇಸ್‌ಗಳ ಗುಡ್ಡೆ, ಇಮಿಗ್ರೇಷನ್ ಲೈನು ಬಾಗಿಲ ಹೊರಗೆ. ನಾನು ಗ್ರೂಪ್ ಕರ್ಕೊಂಡು ಹೋದಾಗ ಎರಡೇ ಗುಂಪು ಮಾಡ್ತೇನೆ. ಕಾಲು ಗಟ್ಟಿ ಇರುವವರು, ತಮ್ಮ ಬ್ಯಾಗ್ ತಾವೇ ಎಳೀಬಲ್ಲವರು ಮೊದಲ ಬ್ಯಾಚಿಗೆ, ಅದಕ್ಕೆ ಸೆಲ್ಫ್ ಅಸಿಸ್ಟ್, ವಾಕ್ ಆಫ್ ಅಂತೆಲ್ಲ ಕರೀತಾರೆ, ಶಿಪ್ಪಿನವರು ಇಳಿಸ್ಲಿ ಅಂತ ಹಿಂದಿನ ರಾತ್ರಿ ಬ್ಯಾಗನ್ನ ರೂಮಿನ ಹೊರಗಿಡುವ ಕೆಲಸವೇ ಇಲ್ಲ. ವಯಸ್ಸಾದವರು, ಮಕ್ಕಳಿರುವವರು ಆರಾಮಾಗಿ ಇಡ್ಲಿ ಸಿಕ್ಕಿದ್ರೆ ಇಡ್ಲಿ, ಇಲ್ಲಾಂದ್ರೆ ಬ್ರೆಡ್ ತಿಂದು, ಕೊನೇ ಕರೆ ಬರುವಾಗ ಇಳೀತಾರೆ. ಅಷ್ಟು ಹೊತ್ತಿಗೆ ಲಗೇಜ್ ಹಾಲ್ ಖಾಲಿ, ಆಫೀಸರ್ ಕೂಡ ಸ್ವಲ್ಪ ನಗ್ತಾ ಇರ್ತಾರೆ.

ವಾಕ್ ಆಫ್ ಅಂದ್ರೆ ಸುಮ್ಮನೆ ಅಲ್ಲ. ಲಿಫ್ಟ್ ಸಿಗೂದಿಲ್ಲ ಅಂತಲೇ ಲೆಕ್ಕ ಇಟ್ಕೊಳ್ಳಿ, ಹತ್ತನೇ ಡೆಕ್‌ನಿಂದ ಮೆಟ್ಟಿಲಲ್ಲಿ 25 ಕಿಲೋ ಬ್ಯಾಗ್ ಇಳಿಸ್ಲಿಕ್ಕೆ ಆಗ್ತದಾ ಅಂತ ಮನೇಲೇ ಯೋಚನೆ ಮಾಡಿ. ಆಗೂದಿಲ್ಲಾಂದ್ರೆ ರಾತ್ರಿ ಟ್ಯಾಗ್ ಹಾಕಿ ಹೊರಗಿಡಿ, ಆದ್ರೆ ಪಾಸ್‌ಪೋರ್ಟ್, ಮಾತ್ರೆ, ಚಾರ್ಜರ್, ಬೆಳಿಗ್ಗೆ ಹಾಕುವ ಬಟ್ಟೆ ಕೈಚೀಲದಲ್ಲಿ. ಬಟ್ಟೆ ಅಂತ ಯಾಕೆ ಹೇಳ್ತೇನೆ ಅಂದ್ರೆ ಎಲ್ಲ ಪ್ಯಾಕ್ ಮಾಡಿ ಹೊರಗಿಟ್ಟು ಬೆಳಿಗ್ಗೆ ಲುಂಗಿ, ನೈಟಿಯಲ್ಲಿ ಉಳಿಯುವವರು ಪ್ರತಿ ಸೀಸನ್ನಿಗೂ ಸಿಗ್ತಾರೆ, ಮತ್ತೆ ಪಾಸ್‌ಪೋರ್ಟ್ ಸೂಟ್‌ಕೇಸಿನ ಒಳಗೆ, ಸೂಟ್‌ಕೇಸ್ ಇಮಿಗ್ರೇಷನ್ನಿನ ಆ ಕಡೆ, ನೀವು ಈ ಕಡೆ ಅನ್ನುವ ಸ್ಥಿತಿಯೂ ಬರ್ತದೆ. ಕೆಲವು ಶಿಪ್ಪಲ್ಲಿ ಪಾಸ್‌ಪೋರ್ಟನ್ನ ಅವರೇ ಇಟ್ಕೊಳ್ತಾರೆ, ಹಿಂದೆ ಕೊಡುವ ದಿನ, ಜಾಗ ಯಾವುದು ಅಂತ ಹತ್ತಿದ ದಿನವೇ ಕೇಳಿಟ್ಕೊಳ್ಳಿ. ರೂಮಿನ ಬಿಲ್ ಬಾಕಿ ಇದ್ರೆ ಗ್ಯಾಂಗ್‌ವೇಯಲ್ಲಿ ನಿಮ್ಮ ಶಿಪ್ಪಿನ ಕಾರ್ಡ್ ಕೆಂಪು ತೋರಿಸ್ತದೆ, ಅದನ್ನೂ ರಾತ್ರಿಯೇ ಮುಗಿಸಿ.

ಇಷ್ಟೆಲ್ಲ ಯೂಟ್ಯೂಬಲ್ಲೂ ಸಿಗ್ತದೆ ಬಿಡಿ. ಅಲ್ಲಿ ಯಾರೂ ಹೇಳದೇ ಇರೂದು ನಮ್ಮವರ ಹೆಸರಿನ ಸಮಸ್ಯೆ.

ಶಿಪ್ಪಿಗೆ ಆನ್‌ಲೈನ್ ಚೆಕ್ ಇನ್ ಮಾಡುವಾಗ ನೀವು ಟೈಪ್ ಮಾಡಿದ ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಕು ಒಂದು ಪಟ್ಟಿಯಾಗಿ ಆ ದೇಶದ ಅಧಿಕಾರಿಗಳಿಗೆ ಮೊದಲೇ ಹೋಗಿರ್ತದೆ. ಅಮೆರಿಕದ ಲೆಕ್ಕದಲ್ಲಿ ದೂರದ ಪ್ರಯಾಣವಾದ್ರೆ ಶಿಪ್ಪು ಬರುವ 96 ಗಂಟೆ ಮೊದಲು, ಚಿಕ್ಕದಾದ್ರೆ ಕಡಿಮೆ ಅಂದ್ರೂ 24 ಗಂಟೆ ಮೊದಲು. ಅಂದ್ರೆ ನೀವು ಲೈನಲ್ಲಿ ನಿಲ್ಲುವ ಮುಂಚೆಯೇ ನಿಮ್ಮನ್ನ ಒಂದು ಸುತ್ತು ನೋಡಿ ಆಗಿರ್ತದೆ, ಕೌಂಟರಲ್ಲಿ ಮುಖ ಮತ್ತು ಪಾಸ್‌ಪೋರ್ಟ್ ಆ ಪಟ್ಟಿಗೆ ತಾಳೆ ಆದ್ರೆ ಅರ್ಧ ನಿಮಿಷ, ಆಗದಿದ್ರೆ "ಸ್ವಲ್ಪ ಈ ಕಡೆ ಕೂತ್ಕೊಳ್ಳಿ". ಈಗ ನಮ್ಮ ಹಿರಿಯರ ಪಾಸ್‌ಪೋರ್ಟ್ ತೆಗೆದು ನೋಡಿ. ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಗಿವನ್ ನೇಮ್‌ನಲ್ಲಿ. ಇನ್ನು ಕೆಲವರಲ್ಲಿ ಊರಿನ ಹೆಸರೇ ಸರ್‌ನೇಮ್, ಬ್ಯಾಂಕಲ್ಲಿ ಇನಿಷಿಯಲ್, ಆಧಾರಲ್ಲಿ ಮತ್ತೊಂದು ತರ. ಬುಕಿಂಗ್ ಸೈಟು ಸರ್‌ನೇಮ್ ಇಲ್ಲದೆ ಮುಂದೆ ಹೋಗ್ಲಿಕ್ಕೆ ಬಿಡೂದಿಲ್ಲ, ಆಗ ನ್ಯೂಜೆರ್ಸಿಯಲ್ಲಿ ಕೂತ ಮಗ ಶೆಟ್ಟಿ ಅಂತಲೋ ಭಟ್ ಅಂತಲೋ ತನ್ನ ಸರ್‌ನೇಮನ್ನೇ ಅಪ್ಪನಿಗೂ ತುಂಬಿಸ್ತಾನೆ, ಅಪ್ಪನ ಪಾಸ್‌ಪೋರ್ಟಲ್ಲಿ ಆ ಜಾಗದಲ್ಲಿ ಏನೂ ಇಲ್ಲ!

ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತಿನ ಎರಡು ಸಾಲು ಇರ್ತದಲ್ಲ, ಯಂತ್ರ ಓದೂದು ಅದನ್ನೇ. ಮೇಲಿನ ಸಾಲಲ್ಲಿ ಭಾರತದ ಕೋಡ್ ಆದ ಮೇಲೆ ಎರಡು ಬಾಣಕ್ಕಿಂತ ಮುಂಚೆ ಬರೂದು ಸರ್‌ನೇಮು, ಆಮೇಲಿನದು ಗಿವನ್ ನೇಮು. ಆ ಸಾಲು ನೋಡ್ಕೊಂಡು ಬುಕಿಂಗ್ ಮಾಡಿ, ಸರ್‌ನೇಮ್ ಇಲ್ಲದವರದ್ದು ಹೇಗೆ ತುಂಬಿಸ್ಬೇಕು ಅಂತ ಕ್ರೂಸ್ ಕಂಪನಿಗೇ ಫೋನ್ ಮಾಡಿ ಕೇಳಿ, ಅಂದಾಜಲ್ಲಿ ಬೇಡ. ದುಬೈ ಕ್ರೂಸ್ ಆದ್ರೆ ಇನ್ನೂ ಜಾಗ್ರತೆ, 2022ರ ನವೆಂಬರ್‌ನಿಂದ ಯುಎಇಯವರು ಪಾಸ್‌ಪೋರ್ಟಲ್ಲಿ ಒಂದೇ ಒಂದು ಪದದ ಹೆಸರಿರುವವರನ್ನು ವಿಸಿಟ್ ವೀಸಾದಲ್ಲಿ ಬಿಡೂದಕ್ಕೆ ತಕರಾರು ಶುರು ಮಾಡಿದ್ದಾರೆ, ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ರೆ ನಡೀತದೆ ಅಂತ ಆಮೇಲೆ ಸಡಿಲ ಮಾಡಿದ್ರು. ಬರೀ "ಗಿರಿಜಾ" ಅಂತ ಇರುವ ಅಜ್ಜಿಯಂದಿರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ನೋಡಿ.

ಇನ್ನು ವೀಸಾ. ಶಿಪ್ಪು ದೇಶ ಬಿಟ್ಟು ಹೋಗಿ ವಾಪಸ್ ಬರ್ತದೆ ಅಂದ್ರೆ ನಿಮಗೆ ಆ ದೇಶಕ್ಕೆ ಎರಡು ಎಂಟ್ರಿ ಬೇಕು, ಸಿಂಗಲ್ ಎಂಟ್ರಿಯಲ್ಲಿ ಹತ್ತಬಹುದು ಅಂದ್ಕೊಂಡ್ರೂ ಇಳೀಲಿಕ್ಕೆ ಆಗೂದಿಲ್ಲ, ಎಷ್ಟೋ ಸಲ ಚೆಕ್ ಇನ್‌ನಲ್ಲೇ ನಿಲ್ಲಿಸ್ತಾರೆ. ಯುರೋಪಲ್ಲಿ ಲೆಕ್ಕ ಚಂದ ಉಂಟು. ಬಾರ್ಸಿಲೋನಾದಿಂದ ಹೊರಟು ಫ್ರಾನ್ಸ್, ಇಟಲಿ ಮಾತ್ರ ಮುಟ್ಟಿ ಬರುವ ಶಿಪ್ಪಾದ್ರೆ ಎಲ್ಲ ಶೆಂಗೆನ್ನಿನ, ಅಂದ್ರೆ ತಮ್ಮೊಳಗೆ ಗಡಿ ಚೆಕ್ ಇಲ್ಲದ ಯುರೋಪ್ ದೇಶಗಳ ಗುಂಪಿನ, ಒಳಗೇ, ಇಳಿಯುವಾಗ ಪಾಸ್‌ಪೋರ್ಟ್ ಚೆಕ್ಕಿನ ಲೈನೇ ಇರೂದಿಲ್ಲ ಅಂತ ಹೇಳ್ಬಹುದು. ಅದೇ ಶಿಪ್ಪು ಟರ್ಕಿಯ ಕುಶಾದಸಿಗೆ ಹೋಗಿ ಬಂತಾ, ಬಾರ್ಡರ್ ಚೆಕ್ ಬಂತು, ಈಗ ಅದಕ್ಕೆ ಬೆರಳಚ್ಚು, ಫೋಟೋ ತಗೊಳ್ಳುವ ಹೊಸ ಇಇಎಸ್ ವ್ಯವಸ್ಥೆಯೂ ಸೇರಿದೆ, 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಶುರುವಾದದ್ದು. ಬೇಗ ಇಳೀಬೇಕು ಅನ್ನುವವರು ರೂಟ್ ಆರಿಸುವಾಗಲೇ ಇದನ್ನ ನೋಡ್ಬೇಕು, ಆದ್ರೆ ನಮ್ಮವರು ನೋಡೂದು ಬಾಲ್ಕನಿ ರೂಮ್ ಉಂಟಾ ಅಂತ.

ಆ್ಯಪ್, ಇ-ಗೇಟ್ ಇದೆಲ್ಲ ನಮಗೆ ಎಷ್ಟು ಉಪಯೋಗ? ಸ್ವಲ್ಪವೇ. ಅಮೆರಿಕದ ಮೊಬೈಲ್ ಪಾಸ್‌ಪೋರ್ಟ್ ಕಂಟ್ರೋಲ್ ಆ್ಯಪು ಮಯಾಮಿ, ಪೋರ್ಟ್ ಎವರ್‌ಗ್ಲೇಡ್ಸ್ ತರದ ಕೆಲವು ಬಂದರಲ್ಲಿ ನಡೀತದೆ, ಆದ್ರೆ ಅದು ಅಲ್ಲಿನ ಸಿಟಿಜನ್, ಗ್ರೀನ್ ಕಾರ್ಡ್‌ನವರಂಥವರಿಗೆ, ಬಿ1 ಬಿ2 ಅನ್ನುವ ವಿಸಿಟರ್ ವೀಸಾದ ಭಾರತೀಯರಿಗೆ ಅಲ್ಲ. ಮಗ ಸೊಸೆ ಆ ಲೈನಲ್ಲಿ ಸರ್ರನೆ ಹೋಗಿ, ಅಪ್ಪ ಅಮ್ಮ ಈ ಲೈನಲ್ಲಿ ಗಾಬರಿಯಾಗಿ ನಿಂತು, ಇಂಗ್ಲಿಷ್ ಪ್ರಶ್ನೆಗೆ ತಡವರಿಸಿ, ಕೊನೆಗೆ ಎಲ್ಲರಿಗೂ ಲೇಟು. ಮಗನೂ ಅಪ್ಪ ಅಮ್ಮನ ಲೈನಲ್ಲೇ ನಿಲ್ಲೂದು ಒಳ್ಳೇದು, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಗ್ಲೋಬಲ್ ಎಂಟ್ರಿ, ಅಂದ್ರೆ ಮೊದಲೇ ಪರಿಶೀಲನೆ ಮಾಡಿಸಿಕೊಂಡು ಅಮೆರಿಕದ ಇಮಿಗ್ರೇಷನ್ ಬೇಗ ದಾಟುವ ಯೋಜನೆ, ಭಾರತೀಯರಿಗೂ 2017ರಿಂದ ಸಿಗ್ತದೆ, 120 ಡಾಲರ್, ಐದು ವರ್ಷಕ್ಕೆ, ಇಂಟರ್‌ವ್ಯೂ ಬೇರೆ ಉಂಟು. ವರ್ಷಕ್ಕೆರಡು ಸಲ ಅಮೆರಿಕಕ್ಕೆ ಹೋಗುವವರು ಮಾಡ್ಲಿ, ಒಂದು ಕ್ರೂಸಿಗೋಸ್ಕರ ಬೇಡ, ಎಲ್ಲಾ ಕ್ರೂಸ್ ಟರ್ಮಿನಲ್‌ನಲ್ಲಿ ಅದಕ್ಕೆ ಬೇರೆ ಲೈನ್ ಇರ್ತದೆ ಅಂತಲೂ ಇಲ್ಲ.

ನಮ್ಮ ಸರ್ಕಾರದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಮಾತ್ರ ಎಲ್ಲರೂ ಮಾಡಿ ಇಡಿ ಅಂತೇನೆ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಗೆ ಮುಂಬೈ, ಬೆಂಗಳೂರಿಗೂ ಬಂತು, ದುಡ್ಡಿಲ್ಲ, ಆನ್‌ಲೈನ್ ಅರ್ಜಿ ಹಾಕಿ ಒಮ್ಮೆ ಬೆರಳಚ್ಚು ಕೊಟ್ರೆ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ. ಆದ್ರೆ ಇದು ಏರ್‌ಪೋರ್ಟಿನ ಯೋಜನೆ. ಸಿಂಗಾಪುರದಲ್ಲಿ ಶಿಪ್ಪಿಂದ ಇಳಿದು ವಿಮಾನದಲ್ಲಿ ಮುಂಬೈಗೆ ಬಂದಾಗ ಉಪಯೋಗ, ಮುಂಬೈ ಬಂದರಿನ ಬ್ಯಾಲಾರ್ಡ್ ಪಿಯರ್‌ಗೆ ಶಿಪ್ಪಲ್ಲೇ ಬಂದು ಇಳಿದಾಗ ಅಲ್ಲ.

ಸಿಂಗಾಪುರ ಅಂದ ಕೂಡ್ಲೇ ಎರಡು ಮಾತು. ಹೋಗುವಾಗ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಫಾರ್ಮ್ ತುಂಬಿಸಿದ್ದೇವಲ್ಲ ಅಂತ ಸುಮ್ಮನೆ ಕೂರ್ಬೇಡಿ, ಶಿಪ್ಪಿಂದ ವಾಪಸ್ ಬರೂದೂ ಒಂದು ಅರೈವಲ್ಲೇ, ಬರುವ ಮೊದಲಿನ ಮೂರು ದಿನದ ಒಳಗೆ ಮತ್ತೆ ತುಂಬಿಸ್ಬೇಕು. ಫ್ರೀ, ದುಡ್ಡು ಕೇಳುವ ಸೈಟು ಕಂಡ್ರೆ ಅದು ಸರ್ಕಾರದ್ದಲ್ಲ. ಎರಡನೇದು ಮದ್ಯದ ಬಾಟ್ಲಿ. ಶಿಪ್ಪಿನ ಅಂಗಡಿಯಲ್ಲಿ ಡ್ಯೂಟಿ ಫ್ರೀ ಅಂತ ಬರೆದಿರ್ತದೆ, ಆದ್ರೆ ಸಿಂಗಾಪುರದ ರಿಯಾಯಿತಿ ಸಿಗ್ಬೇಕಾದ್ರೆ ನೀವು 48 ಗಂಟೆ ಹೊರಗಿದ್ದಿರ್ಬೇಕು, ಮಲೇಷ್ಯಾದಿಂದ ಬಂದಿರ್ಬಾರ್ದು. ಪೆನಾಂಗ್ ಮುಟ್ಟಿ ನೇರ ವಾಪಸ್ ಬರುವ ಮೂರು ರಾತ್ರಿಯ ಕ್ರೂಸಿಗೆ ಇದು ಹೇಗೆ ಬಡೀತದೆ ಅಂತ ನೀವೇ ಲೆಕ್ಕ ಹಾಕಿ. ಸಿಗರೇಟಿಗಂತೂ ಅಲ್ಲಿ ರಿಯಾಯಿತಿಯೇ ಇಲ್ಲ. ನಮ್ಮವರು ಲೇಟಾಗೂದು ಹೆಚ್ಚಾಗಿ ಇಮಿಗ್ರೇಷನ್ನಲ್ಲಿ ಅಲ್ಲ, ಅದು ದಾಟಿದ ಮೇಲೆ ಕಸ್ಟಮ್ಸಲ್ಲಿ. ಅಮೆರಿಕದಲ್ಲಾದ್ರೆ ಬಫೆಯಿಂದ ಎತ್ತಿ ಬ್ಯಾಗಿಗೆ ಹಾಕಿದ ಬಾಳೆಹಣ್ಣು, ಸೇಬು. ಹಣ್ಣು ಪತ್ತೆ ಮಾಡ್ಲಿಕ್ಕೆ ನಾಯಿ ಇಟ್ಟಿದ್ದಾರೆ, ಹೇಳದೆ ತಂದ್ರೆ ದಂಡ ಹಾಕ್ತಾರೆ, ಅಮ್ಮಂದಿರಿಗೆ ಎಷ್ಟು ಹೇಳಿದ್ರೂ "ದಾರೀಲಿ ಮಗುವಿಗೆ ಹಸಿವಾದ್ರೆ?"

ಇನ್ನು ನಮ್ಮ ಮುಂಬೈ. ಬ್ಯಾಲಾರ್ಡ್ ಪಿಯರ್‌ನ ಹೊಸ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್ 20ಕ್ಕೆ ಉದ್ಘಾಟನೆ ಆಯ್ತು, ವರ್ಷಕ್ಕೆ 10 ಲಕ್ಷ ಪ್ರಯಾಣಿಕರಿಗೆ ಕಟ್ಟಿದ್ದು, ಚೆಕ್ ಇನ್ ಮತ್ತು ಇಮಿಗ್ರೇಷನ್ ಸೇರಿ 72 ಕೌಂಟರ್. ಕೌಂಟರ್ 72 ಅಂದ್ರೆ ಕೂತವರೂ 72 ಅಂತ ತಿಳ್ಕೊಳ್ಬೇಡಿ. ಮುಂಬೈ ಗೋವಾ ಮುಂಬೈ, ಲಕ್ಷದ್ವೀಪ ಇಂಥ ಕಾರ್ಡೇಲಿಯಾ ಕ್ರೂಸ್ ಕಂಪನಿಯ ಟ್ರಿಪ್‌ಗಳು ದೇಶದ ಒಳಗಿನವು, ಇಮಿಗ್ರೇಷನ್ ಸ್ಟ್ಯಾಂಪ್ ಇಲ್ಲ, ಆಧಾರ್ ತರದ ಫೋಟೋ ಐಡಿ ಸಾಕು. ವಿದೇಶದಿಂದ ಬರುವ ಶಿಪ್ಪಾದ್ರೆ ಭಾರತದಲ್ಲಿ ಮುಟ್ಟುವ ಮೊದಲ ಬಂದರಲ್ಲೇ ಸಾಮಾನ್ಯವಾಗಿ ಇಮಿಗ್ರೇಷನ್ ಮುಗೀತದೆ, ಕೊಚ್ಚಿಯಲ್ಲಿ ಆಗಿದ್ರೆ ಮುಂಬೈಯಲ್ಲಿ ಇಳಿಯೂದು ಸಲೀಸು.

ಜೊತೆಗೆ ವಿದೇಶಿ ಪಾಸ್‌ಪೋರ್ಟಿನ ಮೊಮ್ಮಕ್ಕಳು ಇದ್ರೆ ಅವರದ್ದು ಪ್ರತ್ಯೇಕ ನೋಡಿ. ಇ-ವೀಸಾದಲ್ಲಿ ಸಮುದ್ರದ ದಾರಿಯಲ್ಲಿ ಒಳಗೆ ಬರ್ಲಿಕ್ಕೆ ಎಲ್ಲಾ ಬಂದರು ಆಗೂದಿಲ್ಲ, ಮುಂಬೈ, ಗೋವಾ, ಮಂಗಳೂರು, ಕೊಚ್ಚಿ, ಚೆನ್ನೈ ಪಟ್ಟಿಯಲ್ಲಿ ಉಂಟು, ಮತ್ತೆ 2025ರ ಅಕ್ಟೋಬರ್‌ನಿಂದ ವಿದೇಶಿಯರಿಗೆ ಇ-ಅರೈವಲ್ ಕಾರ್ಡ್ ಬಂದಿದೆ, ಆನ್‌ಲೈನಲ್ಲೇ ತುಂಬಿಸ್ಲಿಕ್ಕೆ. ಶಿಪ್ಪಿನ ವೈಫೈ ನಂಬಿ ಕೊನೇ ರಾತ್ರಿಗೆ ಇಡ್ಬೇಡಿ.

ವೀಲ್‌ಚೇರ್ ಕೇಳಿದ್ರೆ ಬೇಗ ಬಿಡ್ತಾರಂತೆ ಅಂತ ಕೆಲವರು ಕಿವೀಲಿ ಕೇಳ್ತಾರೆ. ಲೈನು ಚಿಕ್ಕದಿರ್ಬಹುದು, ಆದ್ರೆ ತಳ್ಳುವ ಹುಡುಗ ಬರುವವರೆಗೆ ಶಿಪ್ಪಿನ ಹಾಲಲ್ಲೇ ಕಾಯ್ಬೇಕು, ಆ ದಿನ ಅವನಿಗೂ ನೂರು ಜನ. ನಿಜವಾಗಿ ಬೇಕಾದವರು ಮಾತ್ರ ಕೇಳಿ, ಹತ್ತಿದ ದಿನವೇ ಹೆಸರು ಬರೆಸಿ.

ಗೋವಾದಲ್ಲಿ ಇಳಿಯುವವರಿಗೆ ಒಂದು ಮಾತು, ಯಾಕಂದ್ರೆ ಇಳಿದದ್ದು ಬೇಗ, ಫ್ಲೈಟ್ ತಪ್ಪಿದ್ದು ಆಮೇಲೆ ಅಂತ ಆಗ್ತಾ ಉಂಟು. ಶಿಪ್ಪು ಬರೂದು ವಾಸ್ಕೋ ಪಕ್ಕದ ಮುರಗಾಂವ್ ಬಂದರಿಗೆ, ಅಲ್ಲಿಂದ ದಾಬೋಳಿಮ್ ಏರ್‌ಪೋರ್ಟ್ ಹತ್ತಿರ. ಮೋಪಾ ಏರ್‌ಪೋರ್ಟ್ ಉತ್ತರದ ತುದಿಯಲ್ಲಿ, ಟ್ಯಾಕ್ಸಿಯಲ್ಲಿ ಗಂಟೆ ಮೇಲಾಗ್ತದೆ, ಪಣಜಿ ಟ್ರಾಫಿಕ್ ಬೇರೆ. ಟಿಕೆಟಲ್ಲಿ ಗೋವಾ ಅಂತ ಇದ್ರೆ ಸಾಲದು, ಜಿಒಐ ಅಂದ್ರೆ ದಾಬೋಳಿಮ್, ಜಿಒಎಕ್ಸ್ ಅಂದ್ರೆ ಮೋಪಾ, ದುಡ್ಡು ಕಟ್ಟುವ ಮುಂಚೆ ಆ ಮೂರಕ್ಷರ ನೋಡಿ.