ಗೋಲ್ಡ್ ಡ್ರೆಜ್: ಹೊಳೆಯನ್ನೇ ಜಾಲಿಸುವ ಹಡಗು

ಡ್ರೆಜಿಂಗ್ ಅಂದ ಕೂಡಲೇ ನಮಗೆ ಹೂಳೆತ್ತುವುದು ನೆನಪಾಗುತ್ತದೆ. ಮಂಗಳೂರಿನ ಬಂದರಿನಲ್ಲಿ ಹಡಗಿನ ದಾರಿಯ ಹೂಳು ತೆಗೆಯಲು ಡ್ರೆಜರ್ ಬರುತ್ತದೆ. 2024ರಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಗಂಗಾವಳಿ ನದಿಯಲ್ಲಿ ಹುಡುಕಲು ಗೋವಾದಿಂದ ಡ್ರೆಜರ್ ತರಿಸಿದ್ದನ್ನು ಸುದ್ದಿಯಲ್ಲಿ ನೋಡಿದ್ದೇವೆ. ಹಾಗಾಗಿ ‘ಗೋಲ್ಡ್ ಡ್ರೆಜಿಂಗ್ ಕಂಪನಿ’ ಅಂತ ಎಲ್ಲಾದರೂ ಓದಿದರೆ, ಚಿನ್ನಕ್ಕಾಗಿ ಹೂಳೆತ್ತುವ ಕಂಪನಿ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಹೂಳೆತ್ತುವುದು ಇಲ್ಲಿ ಅರ್ಧ ಕೆಲಸ ಮಾತ್ರ. ಎತ್ತಿದ್ದನ್ನು ಅಲ್ಲೇ ತೊಳೆದು, ಬೇಡದ್ದನ್ನು ಅಲ್ಲೇ ಹಿಂದಕ್ಕೆ ಸುರಿದು, ಮುಂದಕ್ಕೆ ಸಾಗುವುದು ಉಳಿದ ಅರ್ಧ. ಅದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ: ಜಾಲಿಸುವುದು.

ಸೊಸೈಟಿ ಅಕ್ಕಿ ಜಾಲಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಪಾತ್ರೆಯಲ್ಲಿ ಅಕ್ಕಿಗೆ ನೀರು ಹಾಕಿ ಮೆಲ್ಲಗೆ ಅಲ್ಲಾಡಿಸುತ್ತಾ ಇನ್ನೊಂದು ಪಾತ್ರೆಗೆ ಬಗ್ಗಿಸುತ್ತಾರೆ. ಹಗುರವಾದ ಅಕ್ಕಿ ನೀರಿನ ಜೊತೆ ಹೋಗುತ್ತದೆ. ಭಾರವಾದ ಕಲ್ಲು ತಳದಲ್ಲಿ ಉಳಿಯುತ್ತದೆ. ಚಿನ್ನಕ್ಕೂ ಇದೇ ಲೆಕ್ಕ. ಅದೇ ಅಳತೆಯ ನೀರಿಗಿಂತ ಮರಳು ಸುಮಾರು ಎರಡೂವರೆ ಪಟ್ಟು ಭಾರ, ಚಿನ್ನ 19 ಪಟ್ಟು ಭಾರ. ನೀರು ಮರಳನ್ನು ಎಳೆದುಕೊಂಡು ಹೋಗುತ್ತದೆ, ಚಿನ್ನ ಕೂತಲ್ಲೇ ಕೂರುತ್ತದೆ. ಅಡುಗೆಮನೆಯಲ್ಲಿ ಹರಿದು ಹೋದದ್ದು ಬೇಕು, ಹೊಳೆಯಲ್ಲಿ ತಳದಲ್ಲಿ ಉಳಿದದ್ದು ಬೇಕು. ವ್ಯತ್ಯಾಸ ಅಷ್ಟೇ.

ಕನ್ನಡ ನಾಡಿಗೆ ಇದು ಹೊಸದೇನಲ್ಲ. ಗದಗದ ಕಪ್ಪತಗುಡ್ಡದ ಸುತ್ತ, ಡೋಣಿ, ಸೊರಟೂರು ಕಡೆಯ ಹಳ್ಳಗಳ ಮರಳು ತೊಳೆದು ಚಿನ್ನದ ಕಣ ತೆಗೆಯುವವರಿದ್ದರು. ಅವರನ್ನು ಜಾಲಗಾರರು ಎನ್ನುತ್ತಿದ್ದರು. ಚಿನ್ನ ಅಂದರೆ ಕೋಲಾರ, ಹಟ್ಟಿ ಎನ್ನುವ ನಮಗೆ ಈ ಹೆಸರು ಮರೆತೇ ಹೋಗಿದೆ. ಕೋಲಾರದ್ದು ಬಂಡೆಯೊಳಗಿನ ಚಿನ್ನ. 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದು, ಕಲ್ಲು ಒಡೆದು, ಅರೆದು ತೆಗೆಯಬೇಕಿತ್ತು. ಹೊಳೆ ಚಿನ್ನ ಹಾಗಲ್ಲ. ಬಂಡೆ ಒಡೆದು ಪುಡಿ ಮಾಡುವ ಕೆಲಸವನ್ನು ಮಳೆ, ಗಾಳಿ, ನೀರು ಲಕ್ಷಾಂತರ ವರ್ಷಗಳಿಂದ ಮಾಡಿ ಮುಗಿಸಿರುತ್ತವೆ. ಹೊಳೆಯ ಪಾತ್ರದಲ್ಲಿ, ಅದು ಹಿಂದೆ ಹರಿದ ಬಯಲಿನಲ್ಲಿ, ಮರಳು ಜಲ್ಲಿಯ ನಡುವೆ ಕಣಗಳು ಬೆರೆತಿರುತ್ತವೆ. ತೊಂದರೆ ಏನೆಂದರೆ, ತೀರಾ ತೆಳ್ಳಗೆ ಬೆರೆತಿರುತ್ತವೆ. ಒಂದು ಘನ ಮೀಟರ್ ಮಣ್ಣಿಗೆ ಒಂದು ಗ್ರಾಂ ಕೂಡ ಇಲ್ಲದ ಜಾಗವೇ ಜಾಸ್ತಿ. ಕೈಯಲ್ಲಿ ಜಾಲಿಸಿದರೆ ಕೂಲಿಯೂ ಹುಟ್ಟುವುದಿಲ್ಲ. ದಿನಕ್ಕೆ ಸಾವಿರಾರು ಘನ ಮೀಟರ್ ಜಾಲಿಸಿದರೆ ಮಾತ್ರ ಲಾಭ. ಆ ಯಂತ್ರವೇ ಡ್ರೆಜ್.

ಇದು ಬೆಳೆದದ್ದು ನ್ಯೂಜಿಲೆಂಡಿನ ಒಟಾಗೋ ಪ್ರಾಂತ್ಯದಲ್ಲಿ. 1861ರಲ್ಲಿ ಅಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರು. ಕ್ಲೂತಾ ನದಿಯ ದಡದ ಮರಳೇನೋ ಕೈಗೆ ಸಿಗುತ್ತಿತ್ತು, ರಭಸದ ನೀರಿನ ತಳ ಸಿಗುತ್ತಿರಲಿಲ್ಲ. ಮೊದಮೊದಲು ದೋಣಿಯ ಮೇಲೆ ನಿಂತು, ಉದ್ದ ಕೋಲಿನ ತುದಿಗೆ ಚೀಲ ಕಟ್ಟಿ ತಳ ಬಾಚಿದರು. 1881ರಲ್ಲಿ ಉಗಿ ಎಂಜಿನ್ ಹಾಕಿದ ಡ್ರೆಜ್ ಬಂತು. 1889ರಲ್ಲಿ ಚೋಯಿ ಸ್ಯೂ ಹೋಯ್ ಎಂಬ ಚೀನಾ ಮೂಲದ ವ್ಯಾಪಾರಿಯ ಡ್ರೆಜ್ ಶಾಟೋವರ್ ನದಿಯಲ್ಲಿ ಕೆಲಸ ಶುರುಮಾಡಿತು. ಅದು ನದಿಯ ನಡುವೆ ಅಷ್ಟೇ ಅಲ್ಲ, ಪಕ್ಕದ ಬಯಲನ್ನೂ ತೋಡಿಕೊಂಡು ಹೋಗಬಲ್ಲದಾಗಿತ್ತು. ಇದಾದ ಮೇಲೆ ಡ್ರೆಜಿಂಗ್ ಕಂಪನಿಗಳು ಒಂದರ ಹಿಂದೆ ಒಂದು ಹುಟ್ಟಿಕೊಂಡವು. ಅಲ್ಲಿಂದ ಕ್ಯಾಲಿಫೋರ್ನಿಯಾ, ಕ್ಲಾಂಡೈಕ್, ಹೀಗೆ ದೇಶ ದೇಶಕ್ಕೆ ಹಬ್ಬಿತು.

ಬಯಲಲ್ಲಿ ಹಡಗು ಹೇಗೆ ಸಾಗುತ್ತದೆ? ಈ ಯಂತ್ರದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದೇ. ಡ್ರೆಜ್ ತನ್ನ ಹೊಂಡವನ್ನು ತಾನೇ ತೋಡಿಕೊಳ್ಳುತ್ತದೆ. ಮುಂಭಾಗದಲ್ಲಿ ಕಬ್ಬಿಣದ ಬಕೆಟ್‌ಗಳ ಸರ. ಬಾವಿಯ ರಾಟೆ ನೀರು ಎತ್ತುವ ಹಾಗೆ, ಒಂದರ ಹಿಂದೆ ಒಂದು ಬಕೆಟ್ ಕೆಳಗಿಳಿದು ಮಣ್ಣು ಕಚ್ಚಿಕೊಂಡು ಮೇಲೆ ಬರುತ್ತದೆ. ಮೇಲೆ ಬಂದದ್ದು ಉರುಳುವ ದೊಡ್ಡ ಜರಡಿಗೆ ಬೀಳುತ್ತದೆ. ಅದರೊಳಗೆ ಪೈಪಿನಿಂದ ರಭಸವಾಗಿ ನೀರು ಚಿಮ್ಮುತ್ತಿರುತ್ತದೆ. ಸಣ್ಣ ಮರಳು ತೂತಿನಿಂದ ಇಳಿದು, ಅಡ್ಡಪಟ್ಟಿ ಹೊಡೆದ ಇಳಿಜಾರು ಹಲಗೆಗಳ ಮೇಲೆ ಹರಿಯುತ್ತದೆ. ಚಿನ್ನ ಆ ಪಟ್ಟಿಗಳ ಸಂದಿಯಲ್ಲಿ ನಿಲ್ಲುತ್ತದೆ. ಎಷ್ಟೋ ಕಡೆ ಅಲ್ಲಿ ಪಾದರಸವನ್ನೂ ಹಾಕುತ್ತಿದ್ದರು, ಅದು ನುಣ್ಣನೆ ಚಿನ್ನವನ್ನು ಹಿಡಿದಿಡುತ್ತದೆ. ಜರಡಿಯಲ್ಲಿ ಉಳಿದ ದಪ್ಪ ಕಲ್ಲು ಬೆಲ್ಟ್ ಮೇಲೆ ಹತ್ತಿ ಹಿಂಭಾಗದಲ್ಲಿ ಬೀಳುತ್ತದೆ. ಮುಂದೆ ತೋಡಿದಷ್ಟು ಹಿಂದೆ ತುಂಬುತ್ತಾ ಬರುತ್ತದೆ. ಹೊಂಡವೂ ಹಡಗೂ ಒಟ್ಟಿಗೇ ಮುಂದೆ ಸರಿಯುತ್ತವೆ.

ಇನ್ನು ಒಂದು ಕಂಪನಿಯ ಕಥೆ. ಹೆಸರು ಬುಲೋಲೊ ಗೋಲ್ಡ್ ಡ್ರೆಜಿಂಗ್ ಲಿಮಿಟೆಡ್. ಜಾಗ ನ್ಯೂಗಿನಿ, ಇವತ್ತಿನ ಪಪುವಾ ನ್ಯೂಗಿನಿಯ ಮೊರೋಬೆ ಪ್ರಾಂತ್ಯ. ಮೊದಲ ಮಹಾಯುದ್ಧದ ನಂತರ ಅದು ಆಸ್ಟ್ರೇಲಿಯಾದ ಆಡಳಿತದಲ್ಲಿತ್ತು. ಸೆಸಿಲ್ ಜಾನ್ ಲೆವಿಯನ್ ಅಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ. ಕೆಲಸ ಬಿಟ್ಟು ಚಿನ್ನದ ಹಿಂದೆ ಬಿದ್ದ. ಉಳಿದವರು ಬೆಟ್ಟದ ಮೇಲಿನ ತೊರೆಗಳಲ್ಲಿ ಕೈಗೆ ಸಿಗುವ ಚಿನ್ನ ಹುಡುಕುತ್ತಿದ್ದರೆ, ಅವನ ಕಣ್ಣು ಕೆಳಗಿನ ಬುಲೋಲೊ ನದಿಯ ಬಯಲಿನ ಮೇಲಿತ್ತು. ತೆಳ್ಳಗೆ ಹರಡಿದ್ದರೂ ಅಲ್ಲಿ ಒಟ್ಟು ಚಿನ್ನ ಜಾಸ್ತಿ ಎಂಬುದು ಅವನ ನಂಬಿಕೆ. ಕೆನಡಾದ ಪ್ಲೇಸರ್ ಡೆವಲಪ್‌ಮೆಂಟ್ ಕಂಪನಿ ಬಂದು ಕೊಳವೆ ಕೊರೆದು ಪರೀಕ್ಷೆ ಮಾಡಿ, ನಂಬಿಕೆ ಸರಿ ಎಂದಿತು. (ಪ್ಲೇಸರ್ ಅನ್ನುವುದು ಸ್ಪ್ಯಾನಿಷ್ ಮೂಲದ ಮಾತು. ಮರಳು ದಿಬ್ಬ ಎಂದು ಅರ್ಥ. ಗಣಿ ಕೆಲಸದವರು ಹೊಳೆ ಚಿನ್ನಕ್ಕೆಲ್ಲ ಇದೇ ಮಾತು ಬಳಸುತ್ತಾರೆ.) 1930ರಲ್ಲಿ ಬುಲೋಲೊ ಕಂಪನಿ ಹುಟ್ಟಿತು.

ಚಿನ್ನ ಇತ್ತು, ದಾರಿ ಇರಲಿಲ್ಲ. ಕರಾವಳಿಯಿಂದ ದಟ್ಟ ಕಾಡು, ಕಡಿದಾದ ಬೆಟ್ಟ. ನಡೆದರೆ ವಾರದ ಹಾದಿ. ಹೊರೆ ಹೊತ್ತವರು ಸ್ಥಳೀಯ ಜನ, ಸಿಕ್ಕ ಕೂಲಿ ತಿಂಗಳಿಗೆ ಕೆಲವೇ ಶಿಲ್ಲಿಂಗ್. ಸಾವಿರ ಟನ್‌ಗೂ ಜಾಸ್ತಿ ತೂಗುವ ಡ್ರೆಜ್ ತಲೆಹೊರೆಯಲ್ಲಿ ಹೋಗುವಂಥದ್ದಲ್ಲ. ರಸ್ತೆ ಮಾಡುವ ಬದಲು ಕಂಪನಿ ವಿಮಾನ ಹಿಡಿಯಿತು. ಲೆವಿಯನ್ ಮುಂದೆ ನಿಂತು ಕಟ್ಟಿದ ಗಿನಿ ಏರ್‌ವೇಸ್ ಆಗಲೇ ಅಲ್ಲಿ ಹಾರಾಡುತ್ತಿತ್ತು. ಜರ್ಮನಿಯಿಂದ ಜಂಕರ್ಸ್ ಜಿ-31 ಎಂಬ ಮೂರು ಎಂಜಿನ್‌ಗಳ ವಿಮಾನ ತರಿಸಿದರು. ಡ್ರೆಜ್‌ನ ಭಾಗಗಳನ್ನೆಲ್ಲ ವಿಮಾನ ಹೊರುವ ತೂಕಕ್ಕೆ ತುಂಡು ಮಾಡಿ ತಯಾರಿಸಿದರು. ತುಂಡು ಮಾಡಲಾಗದ್ದು ಒಂದೇ: ಬಕೆಟ್ ಸರವನ್ನು ತಿರುಗಿಸುವ ಮೇಲಿನ ಅಚ್ಚು. ಅದರ ತೂಕ ಸುಮಾರು 3 ಟನ್. ವಿಮಾನ ಆರಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕಿತ್ತು. ಲೇ ಪಟ್ಟಣದ ಮೈದಾನದಲ್ಲಿ ವಿಮಾನದ ನೆತ್ತಿ ತೆರೆದು, ಕ್ರೇನ್‌ನಿಂದ ಕಬ್ಬಿಣವನ್ನು ಮೇಲಿನಿಂದ ಒಳಗಿಳಿಸುತ್ತಿದ್ದರು. ಬಾಗಿಲಿನಿಂದ ತೂರಿಸಲು ಆಗುತ್ತಿರಲಿಲ್ಲ. ಒಂದು ತಾಸಿನೊಳಗೆ ಬುಲೋಲೊ. ಇಳಿಸಿ, ಮತ್ತೆ ವಾಪಸ್. ಹೀಗೆ ಹಡಗೊಂದು ತುಂಡು ತುಂಡಾಗಿ ಬೆಟ್ಟ ಹಾರಿ ಕಣಿವೆಗೆ ಬಂತು.

1932ರ ಮಾರ್ಚ್‌ನಲ್ಲಿ ಮೊದಲ ಡ್ರೆಜ್ ತಿರುಗಿತು. ಲೆವಿಯನ್ ಅದನ್ನು ನೋಡಲಿಲ್ಲ. ಅದೇ ಜನವರಿಯಲ್ಲಿ ಮೆಲ್ಬೋರ್ನ್‌ನಲ್ಲಿ ತೀರಿಕೊಂಡಿದ್ದ. ಅವನ ಬೂದಿಯನ್ನು ವಿಮಾನದಿಂದ ಬುಲೋಲೊ ಕಣಿವೆಯ ಮೇಲೆ ಚೆಲ್ಲಿದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಂಪನಿ ಬೆಳೆದದ್ದು ಬೇಗ. ಬೈಯೂನೆ ಹೊಳೆಗೆ ಜಲವಿದ್ಯುತ್ ಕೇಂದ್ರ ಕಟ್ಟಿ ಡ್ರೆಜ್‌ಗಳಿಗೆ ಕರೆಂಟು ಕೊಟ್ಟರು. ಆ ವರ್ಷಗಳಲ್ಲೇ ಚಿನ್ನದ ಬೆಲೆಯೂ ಏರಿತು. 1934ರಲ್ಲಿ ಅಮೆರಿಕ ಒಂದು ಔನ್ಸಿನ ಬೆಲೆಯನ್ನು 20.67 ಡಾಲರಿನಿಂದ 35 ಡಾಲರಿಗೆ ಏರಿಸಿದ್ದು ಇಂಥ ಕಂಪನಿಗಳಿಗೆಲ್ಲ ವರವಾಯಿತು. ಮೊದಲು ಗಿಟ್ಟದಿದ್ದ ತೆಳು ನೆಲವೂ ಗಿಟ್ಟತೊಡಗಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಎಂಟು ಡ್ರೆಜ್‌ಗಳಿದ್ದವು. 1942ರ ಜನವರಿ 21ರಂದು ಜಪಾನಿನ ಯುದ್ಧವಿಮಾನಗಳು ಬುಲೋಲೊ ಮೇಲೆ ದಾಳಿ ಮಾಡಿ, ನಿಂತಿದ್ದ ಮೂರು ಜಂಕರ್ಸ್‌ಗಳನ್ನು ಸುಟ್ಟವು. ಡ್ರೆಜ್‌ಗಳು ನಿಂತವು. ಯುದ್ಧ ಮುಗಿದ ಮೇಲೆ ಮತ್ತೆ ತಿರುಗಿದವು, ಆದರೆ ಒಳ್ಳೆಯ ನೆಲ ಮುಗಿಯುತ್ತಾ ಬಂದಿತ್ತು. ಕಂಪನಿ 1952ರಲ್ಲಿ ಆಸ್ಟ್ರೇಲಿಯಾ ಸರ್ಕಾರದ ಜೊತೆ ಸೇರಿ ಪ್ಲೈವುಡ್ ಕೆಲಸಕ್ಕೂ ಕೈಹಾಕಿತು. 1965ರಲ್ಲಿ ಕೊನೆಯ ಡ್ರೆಜ್ ನಿಂತಿತು. ಅಷ್ಟು ವರ್ಷಗಳಲ್ಲಿ ತೆಗೆದ ಚಿನ್ನ 20 ಲಕ್ಷ ಔನ್ಸಿಗೂ ಜಾಸ್ತಿ, ಅಂದರೆ 60 ಟನ್‌ಗೂ ಹೆಚ್ಚು.

ಡ್ರೆಜ್ ದಾಟಿ ಹೋದ ನೆಲ ಹೇಗಿರುತ್ತದೆ ಎಂದು ಹೇಳದಿದ್ದರೆ ಈ ಪದದ ಅರ್ಥ ಪೂರ್ತಿಯಾಗುವುದಿಲ್ಲ. ಮೊದಲು ಮೇಲೆ ಫಲವತ್ತಾದ ಮಣ್ಣಿರುತ್ತದೆ, ಕೆಳಗೆ ಜಲ್ಲಿ, ಕಲ್ಲು. ಡ್ರೆಜ್ ಹಿಂಭಾಗದಲ್ಲಿ ಸಣ್ಣ ಮರಳು ಮೊದಲು ಕೆಳಗೆ ಕೂರುತ್ತದೆ, ಬೆಲ್ಟಿನಿಂದ ಬಿದ್ದ ದಪ್ಪ ಕಲ್ಲು ಅದರ ಮೇಲೆ ರಾಶಿಯಾಗುತ್ತದೆ. ನುಣ್ಣನೆ ಮಣ್ಣು ಕೆಸರಾಗಿ ನೀರಿನ ಜೊತೆ ಹೋಗುತ್ತದೆ. ನೆಲ ಪೂರ್ತಿ ಬುಡಮೇಲು. ಉದ್ದಕ್ಕೆ ಸಾಲು ಸಾಲು ಕಲ್ಲಿನ ದಿಣ್ಣೆಗಳು, ಅಲ್ಲಿ ಬೇಸಾಯ ಹೇಗೆ ಮಾಡುವುದು? ಆ ಬಯಲು ಸುತ್ತಲಿನ ಬುಡಕಟ್ಟು ಜನರದ್ದು. ಅಗೆಯುವ ಹಕ್ಕು ಕೊಟ್ಟದ್ದು ಆಡಳಿತ, ಲಾಭ ಹೋದದ್ದು ದೂರದ ಷೇರುದಾರರಿಗೆ. ಹೂಳೆತ್ತುವುದು ಎಂಬ ಅನುವಾದ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಹೂಳೆತ್ತಿದರೆ ಕೆರೆಗೆ ಒಳ್ಳೆಯದಾಗುತ್ತದೆ. ಇಲ್ಲಿ ನದಿಗಾಗಲಿ ಬಯಲಿಗಾಗಲಿ ಒಳ್ಳೆಯದೇನೂ ಆಗಲಿಲ್ಲ.

ಬುಲೋಲೊ, ವಾವ್ ಕಡೆ ಈಗಲೂ ಸಾವಿರಾರು ಜನ ಹೊಳೆ ಚಿನ್ನವನ್ನು ನಂಬಿಕೊಂಡಿದ್ದಾರೆ. ಸಲಿಕೆಯಲ್ಲಿ ಮರಳು ತೋಡಿ, ಅಗಲವಾದ ತಟ್ಟೆಗೆ ಹಾಕಿ, ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತು ಜಾಲಿಸುತ್ತಾರೆ.