ಕೊಳದಲ್ಲಿ ನಿಲ್ಲುವ ಕಂಚು: ಎರಕ ಕಲಿಯುತ್ತಿರುವವರಿಗೆ ಒಂದು ಟಿಪ್ಪಣಿ

ಟೋಕಿಯೊದ ಹಿಬಿಯಾ ಉದ್ಯಾನದಲ್ಲಿ ಮರಗಳ ನೆರಳಿನಲ್ಲಿ ಒಂದು ಕೊಳವಿದೆ. ಅದರ ನಡುವೆ ಕಂಚಿನ ಸಾರಸ ಪಕ್ಷಿಯೊಂದು ರೆಕ್ಕೆ ಬಿಚ್ಚಿ, ಕೊಕ್ಕನ್ನು ಆಕಾಶಕ್ಕೆತ್ತಿ ನೀರು ಚಿಮ್ಮಿಸುತ್ತ ನಿಂತಿದೆ. 1905ರ ಸುಮಾರಿಗೆ ಎರಕ ಹೊಯ್ದ ಹಕ್ಕಿ ಅದು. ಕಡುಚಳಿಯ ದಿನಗಳಲ್ಲಿ ಅದರ ರೆಕ್ಕೆಯಿಂದ ಹೆಪ್ಪುಗಟ್ಟಿದ ನೀರು ಕಡ್ಡಿಕಡ್ಡಿಯಾಗಿ ಇಳಿಬೀಳುತ್ತದೆ, ಅದನ್ನು ನೋಡಲೆಂದೇ ಜನ ಹೋಗುತ್ತಾರೆ. ಮೊದಲು ಪೀಠವೂ ಲೋಹದ್ದೇ ಇತ್ತು. ಯುದ್ಧಕಾಲದಲ್ಲಿ ಲೋಹ ಸಂಗ್ರಹಿಸಿದಾಗ ಪೀಠ ಹೋಯಿತು, ಈಗಿರುವುದು ಕಲ್ಲಿನದು. ಹಕ್ಕಿ ಮಾತ್ರ ಉಳಿದುಕೊಂಡಿತು.

ನೂರು ವರ್ಷ ಮೀರಿ ನೀರಲ್ಲೇ ನಿಂತ ಆ ಹಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ನಾನು ಮಾಡಿದ ಮೊದಲ ಕೊಕ್ಕರೆ ನೀರಿಗಿಳಿದ ಎರಡನೇ ಮಳೆಗಾಲಕ್ಕೇ ಕಾಲಿನ ಬೆಸುಗೆಯಲ್ಲಿ ಬಿರುಕು ಬಿಟ್ಟಿತು. ಬಿರುಕಿನಿಂದ ಕೆಂಪು ತುಕ್ಕಿನ ನೀರು ಒಸರುತ್ತಿತ್ತು. ಒಳಗೆ ಆಧಾರಕ್ಕೆಂದು ಕಬ್ಬಿಣದ ಸರಳು ಇಟ್ಟಿದ್ದೆ. ಕೊಳವೆ ಹಾಯಿಸಲು ಎರಕ ಮುಗಿದ ಮೇಲೆ ಡ್ರಿಲ್ ಹಾಕಿದ್ದೆ. ಆಗ ಅರ್ಥವಾದದ್ದು ಇಷ್ಟು: ಕೊಳದ ಶಿಲ್ಪಕ್ಕೆ ನೀರಿನ ಲೆಕ್ಕವೆಲ್ಲ ಮೇಣದ ಹಂತದಲ್ಲೇ, ಅಂದರೆ ಎರಕಕ್ಕೆ ಮುಂಚೆ ಮೇಣದಲ್ಲಿ ಮಾದರಿ ಮಾಡುವಾಗಲೇ, ಮುಗಿದಿರಬೇಕು. ಕಂಚಾದ ಮೇಲೆ ನೀರನ್ನು ಸೇರಿಸಲು ಹೋದರೆ ಶಿಲ್ಪ ಸೋಲುತ್ತದೆ.

ಯಾವ ಕಂಚು?

ನಮ್ಮ ಮನೆಗಳಲ್ಲಿ ಕಂಚು ಎಂದರೆ ಊಟದ ತಟ್ಟೆ, ದೇವರ ಗಂಟೆ. ಅದರಲ್ಲಿ ತವರ ಐದನೇ ಒಂದು ಭಾಗಕ್ಕಿಂತ ಹೆಚ್ಚಿರುತ್ತದೆ. ಹಾಗಾಗಿ ನಾದ ಚೆನ್ನ, ಆದರೆ ಬಿದ್ದರೆ ಒಡೆಯುತ್ತದೆ. ಶಿಲ್ಪಕ್ಕೆ ಬಳಸುವುದು ತಾಮ್ರ ಸುಮಾರು 90, ತವರ ಸುಮಾರು 10 ಪಾಲಿನ ಮಿಶ್ರಣ. ಇಂದಿನ ಎರಕಶಾಲೆಗಳಲ್ಲಿ ಸಿಲಿಕಾನ್ ಕಂಚೂ ಸಾಮಾನ್ಯ: ತಾಮ್ರ ಸುಮಾರು 95, ಸಿಲಿಕಾನ್ 4, ಮ್ಯಾಂಗನೀಸ್ 1. ಇದು ಸಲೀಸಾಗಿ ಹರಿಯುತ್ತದೆ, ಟಿಗ್ ಬೆಸುಗೆಗೆ (ಆರ್ಗಾನ್‌ನಂಥ ಅನಿಲದ ರಕ್ಷಣೆಯಲ್ಲಿ ವಿದ್ಯುತ್ ಕಿಡಿಯಿಂದ ಮಾಡುವ ಬೆಸುಗೆ) ಒಗ್ಗುತ್ತದೆ, ನೀರನ್ನೂ ತಡೆಯುತ್ತದೆ. ಕೊಳಕ್ಕೆ ನಾನು ಇದನ್ನೇ ಆರಿಸುತ್ತೇನೆ.

ಹಿತ್ತಾಳೆ ಬೇಡ. ಸತು ಹೆಚ್ಚಿರುವ ಲೋಹ ಸದಾ ನೀರಲ್ಲಿದ್ದರೆ ಸತು ಮೆಲ್ಲಗೆ ಕರಗಿಹೋಗಿ, ಕೆಂಪಗಿನ, ತೂತುತೂತಾದ ತಾಮ್ರ ಮಾತ್ರ ಉಳಿಯುತ್ತದೆ. ಹೊರಗಿನಿಂದ ರೂಪ ಹಾಗೇ ಇರುತ್ತದೆ, ಒತ್ತಿದರೆ ಮುರಿಯುತ್ತದೆ. ಗುಜರಿಯಿಂದ ತಂದ ನಲ್ಲಿ, ಬಿಂದಿಗೆ ಬೆರೆಸಿ ಕರಗಿಸುವ ಅಭ್ಯಾಸವಿದ್ದವರು ಕೊಳದ ಕೆಲಸಕ್ಕೆ ಅದನ್ನು ಬಿಡಬೇಕು. ಸತುವಿನ ಹೊಗೆ ಉಸಿರಾಡಿದರೆ ರಾತ್ರಿ ಚಳಿಜ್ವರ ಬರುತ್ತದೆ ಎಂಬುದು ಇನ್ನೊಂದು ಕಾರಣ. ಸೀಸ ಬೆರೆತ ಕಂಚು ಉಳಿಗೆ ಸುಲಭವಾಗಿ ಬಗ್ಗುತ್ತದೆ ನಿಜ, ಆದರೆ ಮೀನಿರುವ ನೀರಿಗೆ ಸೀಸವನ್ನು ಇಳಿಸಲು ನನಗೆ ಮನಸ್ಸಿಲ್ಲ.

ಮೇಣದಲ್ಲಿ ಯೋಚಿಸುವುದು

ಮೇಣದ ಮಾದರಿಗೆ ಮಣ್ಣಿನ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ತುಂಬುವ ವಿದ್ಯೆಗೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟ ವಿಧಾನ ಎಂದು ಹೆಸರು. ಮಧೂಚ್ಛಿಷ್ಟ ಎಂದರೆ ಜೇನು ತೆಗೆದ ಮೇಲೆ ಉಳಿದದ್ದು, ಅಂದರೆ ಮೇಣ. ಇದರ ವಿವರ ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಅರಸನೊಬ್ಬ ಮಣ್ಣಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿ ಅರೆಯಬೇಕು, ಮೊದಲ ಲೇಪ ತೆಳ್ಳಗಿರಬೇಕು, ನೆರಳಲ್ಲಿ ಒಣಗಬೇಕು ಎಂದು ಬರೆಸಿದ್ದಾನೆ. ನನಗೆ ಅದರಲ್ಲಿ ಅತ್ಯಂತ ಇಷ್ಟವಾದದ್ದು ಮೇಣವನ್ನು ಮೊದಲೇ ತೂಗಿ, ಆ ತೂಕದಿಂದ ಲೋಹದ ಲೆಕ್ಕ ಹಿಡಿಯುವ ಕ್ರಮ. ಇಂದಿಗೂ ಎರಕದವರು ಮಾಡುವುದು ಅದನ್ನೇ.

ಲೆಕ್ಕ ಹೀಗೆ. ಕೊಕ್ಕರೆಯ ಮೈ ಹೊರಗಿನಿಂದ 0.4 ಚದರ ಮೀಟರ್ ಇದೆ, ಗೋಡೆಯ ದಪ್ಪ 5 ಮಿಲಿಮೀಟರ್ ಎಂದುಕೊಳ್ಳಿ. ಮೇಣ 2,000 ಘನ ಸೆಂಟಿಮೀಟರ್, ತೂಕ ಸುಮಾರು 1.9 ಕಿಲೋ. ಕಂಚಿನ ಸಾಂದ್ರತೆ 8.8 ಎಂದು ಹಿಡಿದರೆ ಲೋಹ 17.6 ಕಿಲೋ. ಅಂದರೆ ಮೇಣದ ಒಂಬತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಲೋಹ ಹರಿಯುವ ನಾಳ, ಹೊಯ್ಯುವ ಬಟ್ಟಲು ಇವುಗಳ ಮೇಣವನ್ನೂ ಸೇರಿಸಿಯೇ ತೂಗಿ. ಇಲ್ಲದಿದ್ದರೆ ಮೂಸೆಯಲ್ಲಿ ಲೋಹ ಮುಗಿದು ರೆಕ್ಕೆಯ ತುದಿ ಅರ್ಧಕ್ಕೆ ನಿಲ್ಲುತ್ತದೆ.

ಕಾವೇರಿ ದಂಡೆಯ ಸ್ವಾಮಿಮಲೈನ ಸ್ಥಪತಿಗಳು ಪಂಚಲೋಹದ ಮೂರ್ತಿಗಳನ್ನು ಹೆಚ್ಚಾಗಿ ಘನವಾಗಿಯೇ ಎರೆಯುತ್ತಾರೆ. ಗರ್ಭಗುಡಿಗೆ, ಉತ್ಸವಕ್ಕೆ ಅದು ಸರಿ. ಕೊಳದ ಶಿಲ್ಪ ದೊಡ್ಡದಿದ್ದರೆ ಒಳಗೆ ಟೊಳ್ಳು ಬಿಡಲೇಬೇಕು. ತೂಕ ಮತ್ತು ಖರ್ಚಿನ ಮಾತು ಒಂದು ಕಡೆಗಿರಲಿ, ಘನ ಭಾಗ ಆರುವಾಗ ಒಳಗೆ ಕುಗ್ಗಿ ಕುಳಿ ಬೀಳುತ್ತದೆ. ಆದರೆ ಟೊಳ್ಳು ಎಂದರೆ ಒಳಗೆ ನೀರು ಸೇರುವ ಜಾಗ ಎಂದೂ ಅರ್ಥ. ಹಾಗಾಗಿ ಅತ್ಯಂತ ಕೆಳಗಿನ ಬಿಂದುವಿನಲ್ಲಿ ನೀರು ಇಳಿಯುವ ತೂತು, ಮೇಲೆಲ್ಲೋ ಕಣ್ಣಿಗೆ ಬೀಳದ ಕಡೆ ಗಾಳಿಗೊಂದು ತೂತು, ಎರಡನ್ನೂ ಮೇಣದಲ್ಲೇ ಗುರುತು ಮಾಡಿ. ಟೊಳ್ಳು ಉಳಿಯಲೆಂದು ಎರಕದ ಹೊತ್ತಿಗೆ ಒಳಗೆ ತುಂಬಿಟ್ಟ ತಿರುಳಿನ ಮಣ್ಣನ್ನು ಪೂರ್ತಿ ಕೆರೆದು ತೆಗೆಯಲು ಕೈ ಹೋಗುವಷ್ಟು ಕಿಟಕಿಯೂ ಬೇಕು. ತಿರುಳು ಉಳಿದರೆ ಅದು ಸ್ಪಂಜಿನಂತೆ ನೀರು ಹೀರಿ, ಒಳಗಿನಿಂದಲೇ ಲೋಹವನ್ನು ತಿನ್ನುತ್ತದೆ.

ಇನ್ನು ಕೊಳವೆ. ಟೊಳ್ಳು ಮೈಯನ್ನೇ ಕೊಳವೆಯಂತೆ ಬಳಸಿ ಕೊಕ್ಕಿನಿಂದ ನೀರು ಬಿಡಬಹುದಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಎರಕದಲ್ಲಿ ಸೂಜಿಮೊನೆಯಷ್ಟು ತೂತು ಇದ್ದೇ ಇರುತ್ತದೆ, ಒತ್ತಡದ ನೀರು ಅದನ್ನು ಹುಡುಕಿಕೊಳ್ಳುತ್ತದೆ. ಒಳಗೆ ಬೇರೆಯೇ ತಾಮ್ರದ ಕೊಳವೆ ಹಾಯಿಸಿ. ಆದರೆ ಅದನ್ನು ಮೇಣದೊಳಗೆ ಹೂತಿಟ್ಟು ಎರಕ ಹೊಯ್ಯಬೇಡಿ: ತಾಮ್ರ 1,085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನೀವು ಹೊಯ್ಯುವ ಕಂಚು ಅದಕ್ಕಿಂತ ಬಿಸಿ ಇರುತ್ತದೆ. ಕೊರಳು ಮತ್ತು ಮೈಯನ್ನು ಬೇರೆಬೇರೆಯಾಗಿ ಎರೆದು, ಕೊಳವೆ ಕೂರಿಸಿ, ಆಮೇಲೆ ಬೆಸೆಯಿರಿ. ಎಲ್ಲಿ ಕತ್ತರಿಸಬೇಕು ಎಂಬುದನ್ನು ಮೇಣದಲ್ಲಿ ನಿರ್ಧರಿಸಿ. ಕೊರಳಿನ ಗರಿಗಳ ಸಾಲು ಮುಗಿಯುವಲ್ಲಿ ಕತ್ತರಿಸಿದರೆ ಬೆಸುಗೆ ಮುಚ್ಚಿಹೋಗುತ್ತದೆ. ಕಾಲುಗಳ ವಿಷಯಕ್ಕೆ ಬಂದರೆ, ಒಂದು ಕಾಲನ್ನು ಘನವಾಗಿ ಎರೆದು ಭಾರ ಹೊರಲು ಬಿಡುತ್ತೇನೆ, ಇನ್ನೊಂದರಲ್ಲಿ ಕೊಳವೆ. ಜೊಂಡಿನ ಕಡ್ಡಿಯೊಂದನ್ನು ಸೇರಿಸಿ ಅದರೊಳಗೆ ಕೊಳವೆ ತಂದರೆ ಇನ್ನೂ ಒಳ್ಳೆಯದು.

ಆಧಾರದ ಸರಳು, ಬೋಲ್ಟು ಯಾವುದೂ ಕಬ್ಬಿಣದ್ದಾಗಬಾರದು, ಜಿಂಕ್ ಲೇಪದ್ದೂ ಬೇಡ. ಎರಡು ಬೇರೆ ಲೋಹಗಳು ನೀರಲ್ಲಿ ಮುಟ್ಟಿಕೊಂಡರೆ ಅದು ಬ್ಯಾಟರಿಯೇ, ಸವೆಯುವುದು ಕಬ್ಬಿಣ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ತಾಮ್ರದ ಹೊದಿಕೆಯ ಒಳಗಿದ್ದ ಕಬ್ಬಿಣದ ಪಟ್ಟಿಗಳು ಹೀಗೇ ತುಕ್ಕು ಹಿಡಿದು, 1980ರ ದಶಕದ ದುರಸ್ತಿಯಲ್ಲಿ ಅವನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಬೇಕಾಯಿತು. 316 ದರ್ಜೆಯ ಸ್ಟೀಲು ಅಥವಾ ಸಿಲಿಕಾನ್ ಕಂಚಿನ ಸರಳು ಬಳಸಿ.

ನೀರೊಳಗಿನ ಕಣ್ಣು

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊಳದ ಶಿಲ್ಪವನ್ನು ನೋಡುವವರು ಎರಡು ಶಿಲ್ಪ ನೋಡುತ್ತಾರೆ, ಒಂದು ಮೇಲಿನದು, ಇನ್ನೊಂದು ನೀರಿನದು. ನೀರಿನಲ್ಲಿ ಕಾಣುವುದು ಮೇಲಿನದರ ತಲೆಕೆಳಗಾದ ನಕಲು ಎಂದುಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ. ಪ್ರತಿಬಿಂಬದಲ್ಲಿ ಕಾಣುವುದು, ನಮ್ಮ ಕಣ್ಣು ನೀರಿನ ಮಟ್ಟದಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿದ್ದು ಮೇಲಕ್ಕೆ ನೋಡಿದರೆ ಕಾಣುವ ನೋಟ. ಅಂದರೆ ದಡದಲ್ಲಿ ನಿಂತವನಿಗೆ ಹಕ್ಕಿಯ ಬೆನ್ನು ನೇರವಾಗಿ ಕಾಣುತ್ತದೆ, ಹೊಟ್ಟೆ, ಗದ್ದದ ಅಡಿ, ರೆಕ್ಕೆಯ ಒಳಮೈ ನೀರಿನಲ್ಲಿ ಕಾಣುತ್ತವೆ. ನಾವು ಸಾಮಾನ್ಯವಾಗಿ ಉಳಿ ಮುಟ್ಟಿಸದೆ ಬಿಡುವ ಭಾಗಗಳೇ ಅವು.

ಪರೀಕ್ಷೆ ಸುಲಭ. ಅಗಲವಾದ ತಟ್ಟೆಗೆ ಒಳಗೆ ಕಪ್ಪು ಬಣ್ಣ ಬಳಿದು ನೀರು ತುಂಬಿ, ನಡುವೆ ಮೇಣದ ಮಾದರಿ ನಿಲ್ಲಿಸಿ, ಕೊಳದ ದಡದಿಂದ ನೋಡುವ ಕೋನದಲ್ಲೇ ಕೂತು ನೋಡಿ. ತಳ ಕಪ್ಪಗಿದ್ದಷ್ಟೂ ಬಿಂಬ ಸ್ಪಷ್ಟ, ನಿಜವಾದ ಕೊಳಕ್ಕೂ ಇದೇ ಮಾತು. ಕಾರಂಜಿ ಇಟ್ಟರೆ ಅಲೆಗೆ ಬಿಂಬ ಒಡೆಯುತ್ತದೆ. ಎರಡೂ ಬೇಕೆಂದರೆ ನೀರು ನೇರವಾಗಿ ಕೊಳಕ್ಕೆ ಧುಮುಕದೆ ಶಿಲ್ಪದ ಮೈಮೇಲೇ ಜಾರಿ ಇಳಿಯುವಂತೆ ಮಾಡಿ.

ವೆರೊಕಿಯೊ ಎಂಬ ಶಿಲ್ಪಿ 1470ರ ಆಸುಪಾಸಿನಲ್ಲಿ ಫ್ಲಾರೆನ್ಸಿನ ಮೆದಿಚಿ ಮನೆತನದ ಕರೆಜಿ ತೋಟದ ಕಾರಂಜಿಗೆಂದು ಡಾಲ್ಫಿನ್ ಅಪ್ಪಿಕೊಂಡ ಮಗುವನ್ನು ಮಾಡಿದ. ಒಂದೇ ಕಾಲಿನ ಮೇಲೆ ನಿಂತ ಆ ರೆಕ್ಕೆಯ ಮಗು ಸುತ್ತ ಎಲ್ಲಿಂದ ನೋಡಿದರೂ ಮುಂಭಾಗದಂತೆಯೇ ಇದೆ. ಮೂಲ ಕೃತಿ ಈಗ ಫ್ಲಾರೆನ್ಸಿನ ಪಲಾಟ್ಸೊ ವೆಕಿಯೊ ಒಳಗೆ ಸುರಕ್ಷಿತವಾಗಿದೆ, ಅಂಗಳದ ಕಾರಂಜಿಯ ಮೇಲಿರುವುದು ನಕಲು. ಕೊಳದ ಸುತ್ತ ಜನ ನಡೆದಾಡುತ್ತಾರೆ, ಅಲ್ಲಿನ ಶಿಲ್ಪಕ್ಕೆ ಹಿಂಭಾಗ ಎಂಬುದಿಲ್ಲ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಎರಕದ ದಿನ

ಇದು ಗುರುಗಳ ಪಕ್ಕ ನಿಂತು ಕಲಿಯಬೇಕಾದದ್ದು, ಹಾಗಾಗಿ ಚುಟುಕಾಗಿ. ಅಚ್ಚಿನಿಂದ ಮೇಣ ಇಳಿಸಿದ ಮೇಲೆ ಅಚ್ಚನ್ನು ಕೆಂಪಗೆ ಕಾಯಿಸಬೇಕು. ಕಂಚು 1,000 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಕರಗುತ್ತದೆ, ಹೊಯ್ಯುವುದು 1,100ರಿಂದ 1,200 ಡಿಗ್ರಿಯ ನಡುವೆ. ಅಚ್ಚಿನಲ್ಲಿ, ಇಕ್ಕಳದಲ್ಲಿ, ನೆಲದಲ್ಲಿ ಎಲ್ಲೂ ತೇವ ಇರಬಾರದು. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ, ಕರಗಿದ ಲೋಹದಡಿ ಅದು ಸಿಡಿತವೇ. ಬರಿಗಾಲು, ನೈಲಾನ್ ಬಟ್ಟೆಯಲ್ಲಿ ಕುಲುಮೆಯ ಹತ್ತಿರ ಹೋಗಬೇಡಿ. ಬೆಸುಗೆಯೆಲ್ಲ ಮುಗಿದ ಮೇಲೆ, ಬಣ್ಣ ಕಟ್ಟುವ ಮೊದಲು, ಇಳಿತೂತು ಮುಚ್ಚಿ ಶಿಲ್ಪದೊಳಗೆ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲ್ಲಿ ಹನಿ ಕಾಣುತ್ತದೋ ಅಲ್ಲಿ ಮತ್ತೆ ಬೆಸುಗೆ.

ಬಣ್ಣ, ಕಿಲುಬು, ಮೀನು

ಬಿಸಿ ಮಾಡಿದ ಕಂಚಿಗೆ ಗಂಧಕದ ಲವಣ ಹಚ್ಚಿದರೆ ಕಂದು, ಕಪ್ಪು. ಫೆರಿಕ್ ನೈಟ್ರೇಟ್ ಹಚ್ಚಿದರೆ ಹೊನ್ನುಗಂದು. ತಾಮ್ರದ ನೈಟ್ರೇಟ್ ಹಚ್ಚಿದರೆ ಹಸಿರು. ಹಸಿರನ್ನು ಎಲ್ಲರೂ ಬಯಸುತ್ತಾರೆ. ಆದರೆ ಕೊಳದ ಶಿಲ್ಪಕ್ಕೆ ಕಂದು ಬಣ್ಣವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಸಿರು ಪುಡಿಯಂತೆ ಕೂತಿರುತ್ತದೆ, ನೀರಿನ ಮಟ್ಟದಲ್ಲಿ ತೊಳೆದುಹೋಗಿ ಗೆರೆ ಬೀಳುತ್ತದೆ, ತೊಳೆದದ್ದು ಸೇರುವುದು ಮೀನಿನ ನೀರಿಗೆ. ಕಂದು ಬಣ್ಣದ ಮೇಲೆ ಕಾಲವೇ ನಿಧಾನವಾಗಿ ಹಸಿರು ಬರೆಯುತ್ತದೆ.

ಕಿಲುಬಿನಲ್ಲೂ ಎರಡು ಬಗೆ. ಗಟ್ಟಿಯಾಗಿ ಅಂಟಿಕೊಂಡ, ಸಮನಾದ ಹಸಿರು ಲೋಹವನ್ನು ಕಾಯುತ್ತದೆ. ತಿಳಿಹಸಿರು ಹಿಟ್ಟಿನಂತೆ ಚುಕ್ಕಿಚುಕ್ಕಿಯಾಗಿ ಉಬ್ಬಿದರೆ ಅದು ಕ್ಲೋರೈಡಿನ ರೋಗ. ತೇವ ಸಿಕ್ಕಿದಷ್ಟೂ ಒಳಗೆ ತಿನ್ನುತ್ತ ಹೋಗುತ್ತದೆ. ಅಂಥ ಶಿಲ್ಪವನ್ನು ಕೂಡಲೇ ನೀರಿನಿಂದ ಎತ್ತಿ ಒಣಗಿಸಿ.

ಕರಗಿದ ತಾಮ್ರ ಮೀನಿಗೆ ವಿಷ. ಬಸವನಹುಳು, ಸೀಗಡಿಗಳಿಗೆ ಇನ್ನೂ ಹೆಚ್ಚು. ಪಾಚಿ ಕೊಲ್ಲಲು ಮೈಲುತುತ್ತ (ತಾಮ್ರದ ಸಲ್ಫೇಟ್) ಬಳಸುವುದು ಇದೇ ಗುಣಕ್ಕೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತಾಮ್ರದ ಕಾಟ ಕಡಿಮೆ, ಮಳೆನೀರು ತುಂಬಿದ ಮೆದು, ಹುಳಿ ನೀರಿನಲ್ಲಿ ಹೆಚ್ಚು. ಹಾಗಾಗಿ ಹೊಸ ಶಿಲ್ಪವನ್ನು ಚೆನ್ನಾಗಿ ತೊಳೆದು, ಮೇಣ ಹಚ್ಚಿ, ಬೇರೆ ತೊಟ್ಟಿಯಲ್ಲಿ ನೀರು ಬದಲಿಸುತ್ತ ಕೆಲವು ವಾರ ನೆನೆಸಿ, ಆಮೇಲೆ ಕೊಳಕ್ಕೆ ಇಳಿಸಿ. ಅಕ್ವೇರಿಯಂ ಅಂಗಡಿಯಲ್ಲಿ ತಾಮ್ರ ಅಳೆಯುವ ಕಿಟ್ ಸಿಗುತ್ತದೆ, ಮೊದಲ ತಿಂಗಳುಗಳಲ್ಲಿ ಆಗಾಗ ನೋಡುತ್ತಿರಿ. ಬಕೆಟ್ಟಿನಷ್ಟು ನೀರಿರುವ ಪುಟ್ಟ ತೊಟ್ಟಿಯಲ್ಲಿ ಮೀನನ್ನೂ ಕಂಚನ್ನೂ ಒಟ್ಟಿಗೆ ಇಡಬೇಡಿ.

ಗಡಸು ನೀರು ಮೀನನ್ನು ಕಾಯುತ್ತದೆ, ಆದರೆ ಶಿಲ್ಪದ ಸೊಂಟದ ಸುತ್ತ ಸುಣ್ಣದ ಬಿಳಿ ಪಟ್ಟಿ ಕಟ್ಟುತ್ತದೆ. ಅದನ್ನು ಕಂಡಕೂಡಲೇ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ, ಅಜ್ಜಿ ತಾಮ್ರದ ಹಂಡೆ ಬೆಳಗಿದ ನೆನಪು. ಶಿಲ್ಪಕ್ಕೆ ಹುಣಸೆ, ನಿಂಬೆ, ವಿನೆಗರ್ ಯಾವುದೂ ಸೋಕಬಾರದು. ಸುಣ್ಣದ ಜೊತೆ ಬಣ್ಣವೂ ಹೋಗಿ ಹಸಿ ಲೋಹ ಕಾಣುತ್ತದೆ. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆಯಿರಿ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಕೊಳದ ನೀರನ್ನು ಶಿಲ್ಪದ ಬುಡದವರೆಗೆ ಇಳಿಸಿ, ಮೈ ಒಣಗಿಸಿ, ಬಿಸಿಲಿಗೆ ಲೋಹ ಬೆಚ್ಚಗಾದಾಗ ಮೇಣವನ್ನು ತೆಳ್ಳಗೆ ಹಚ್ಚಿ ಹತ್ತಿಬಟ್ಟೆಯಿಂದ ಉಜ್ಜಿ. ಅದೇ ಹೊತ್ತಿಗೆ ತಳದ ಇಳಿತೂತಿಗೆ ಒಂದು ತಂತಿ ಹಾಕಿ ಎಲೆ, ಪಾಚಿ ಕಟ್ಟಿಕೊಂಡಿಲ್ಲವೇ ನೋಡಿ.