ಗಾರೆ ಕೆಲಸಕ್ಕೆ ಮರ್ಯಾದೆ ಎಲ್ಲಿ ತಪ್ಪಿತು?

‘ಓದದಿದ್ರೆ ಬಾಣಲಿ ಹೊರೋಕೆ ಹೋಗ್ತೀಯ ನೋಡು.’ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಹೀಗೇ ಹೆದರಿಸುತ್ತಾರೆ. ಹೆದರಿಸುವ ಅಪ್ಪನೇ ಎಷ್ಟೋ ಸಲ ಮೇಸ್ತ್ರಿಯಾಗಿರುತ್ತಾನೆ. ಒಳ್ಳೆಯ ಟೈಲ್ಸ್ ಮೇಸ್ತ್ರಿಯ ದಿನಗೂಲಿ ಈಗ ಸಾವಿರದ ಆಸುಪಾಸಿನಲ್ಲಿದೆ. ಬಿಇ ಸಿವಿಲ್ ಮುಗಿಸಿ ಹೊಸದಾಗಿ ಸೈಟ್ ನೋಡಿಕೊಳ್ಳುವ ಹುಡುಗನಿಗೆ ತಿಂಗಳ ಕೊನೆಗೆ ಮೇಸ್ತ್ರಿಯ ತಿಂಗಳ ದುಡಿಮೆಗಿಂತ ಕಡಿಮೆ ಸಿಗುವುದೂ ಉಂಟು. ಆದರೂ ಹೆಣ್ಣು ಕೇಳಲು ಹೋದರೆ ಎಂಜಿನಿಯರ್‌ಗೆ ಕಾಫಿ ತಿಂಡಿ, ಮೇಸ್ತ್ರಿಗೆ ‘ಜಾತಕ ಕೂಡಲಿಲ್ಲ’.

ಇದರ ಮೊದಲ ಬೇರು ಜಾತಿಯಲ್ಲಿದೆ. ಕೆರೆ ಏರಿ ಕಟ್ಟುವುದು, ಬಂಡೆ ಸೀಳುವುದು ಇಲ್ಲಿ ತಲೆಮಾರುಗಳಿಂದ ಭೋವಿಗಳ ಪಾಲಿಗೆ ಬಂದ ಕೆಲಸ. ಅದೇನು ಬರೀ ಕಸುವಿನ ಕೆಲಸವೇ? ಚಪ್ಪಡಿ ಎಬ್ಬಿಸುವವರು ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯ ಸಾಲನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತಾರೆ. ಸುತ್ತಿಗೆಯಲ್ಲಿ ತಟ್ಟಿದಾಗ ಬರುವ ಸದ್ದಿನಿಂದಲೇ ಪದರ ಎಲ್ಲಿಯವರೆಗೆ ಬಿಟ್ಟಿದೆ ಎಂದು ಗೊತ್ತುಮಾಡಿಕೊಂಡು, ಕೆಲವೇ ಇಂಚು ದಪ್ಪದ ಹಾಳೆಯನ್ನು ಇಡಿಯಾಗಿ ಬಿಡಿಸುತ್ತಾರೆ. ಹಳೆ ಮನೆಗಳ ಮಾಡು, ದ್ರಾಕ್ಷಿ ಚಪ್ಪರದ ಕಲ್ಲುಕಂಬ ಎಲ್ಲ ಇಂಥ ಕೈಗಳಿಂದಲೇ ಬಂದವು. ಆದರೆ ಆ ತಿಳಿವಳಿಕೆ ಒಂದು ಜಾತಿಯ ಹಣೆಬರಹ ಎನಿಸಿಕೊಂಡಿತೇ ಹೊರತು ವಿದ್ಯೆ ಎನಿಸಿಕೊಳ್ಳಲಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ವಿಗ್ರಹವಾದರೆ ಕೆತ್ತಿದವರಿಗೆ ಶಾಲು, ಪ್ರಶಸ್ತಿ. ತುಮಕೂರಿನ ಪಕ್ಕದ ಕೈದಾಳದಲ್ಲಿ ಜಕಣಾಚಾರಿಯ ಐತಿಹ್ಯವನ್ನೇ ಪೂಜಿಸುತ್ತೇವೆ. ಪಾಯಕ್ಕೆ ಸೈಜುಗಲ್ಲು ಹೊಡೆದವನನ್ನು ಯಾರೂ ಕೇಳುವುದಿಲ್ಲ.

ಇದರ ಮೇಲೆ ಬರಗಾಲದ ನೆನಪೂ ಸೇರಿಕೊಂಡಿತು. 1876–78ರ ಧಾತು–ಈಶ್ವರ ಬರದಲ್ಲಿ ಕೋಲಾರ ಸೀಮೆ ತತ್ತರಿಸಿತು. ಮೈಸೂರು ಸಂಸ್ಥಾನದ ಉದ್ದಕ್ಕೂ ಹಸಿದವರಿಗೆ ರಸ್ತೆ, ಕೆರೆ, ರೈಲು ಹಾದಿಯ ಪರಿಹಾರ ಕಾಮಗಾರಿಗಳೇ ಗತಿಯಾದವು. ಬೇರೇನೂ ಇಲ್ಲದವರು ಜಲ್ಲಿ ಒಡೆಯುತ್ತಾರೆ ಎಂಬ ಭಾವನೆ ಬೇರೂರಲು ಇಷ್ಟು ಸಾಕಾಗಿತ್ತು. 1951ರಲ್ಲಿ ಶಂಕುಸ್ಥಾಪನೆಯಾಗಿ 1956ರಲ್ಲಿ ಮುಗಿದ ವಿಧಾನಸೌಧಕ್ಕೆ ತುರುವೇಕೆರೆಯ ಕರಿಗಲ್ಲು ಹೋಯಿತು. ಅಲ್ಲಿ ಕೈದಿಗಳನ್ನೂ ದುಡಿಸಿಕೊಂಡರು. ಹೀಗೆ ಕಲ್ಲು ಕೆಲಸಕ್ಕೆ ಬರಗಾಲದ ಗಂಜಿಯ ಜೊತೆಗೆ ಜೈಲಿನ ನಂಟೂ ಅಂಟಿತು.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಪ್ರತಿ ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳಿಗೆ ಹಾರ ಬೀಳುತ್ತದೆ. ಅದೇ ವಿಶ್ವೇಶ್ವರಯ್ಯನವರು ಕೈಕಸುಬು ಕಲಿಸಲೆಂದು 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಕಟ್ಟಿಸಿದರು. ಅದು ಮುಂದೆ ಪಾಲಿಟೆಕ್ನಿಕ್ ಆಯಿತು. ಹಾರ ಹಾಕುವಾಗ ಅವರ ಈ ಕೈಕಸುಬಿನ ಕಾಳಜಿ ಮಾತ್ರ ನೆನಪಾಗುವುದಿಲ್ಲ.

ಜಾತಿ, ಬರ ಎರಡಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು, ನಮ್ಮ ಲೆಕ್ಕದಲ್ಲಿ, ಕಾಂಕ್ರೀಟಿನ ಕಾಲದ ಗುತ್ತಿಗೆ ಪದ್ಧತಿ. ಸುಣ್ಣದ ಗಾರೆಯ ಕಾಲದಲ್ಲಿ ಸುಣ್ಣ ನೆನೆಹಾಕುವುದರಿಂದ ಹಿಡಿದು ಗಾಣದಲ್ಲಿ ಅರೆಸುವವರೆಗೆ ಹದ ನೋಡುವವನು ಮೇಸ್ತ್ರಿಯೇ. ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟ್, ಬಂದಮೇಲೆ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಅಚ್ಚು ಕಟ್ಟುವುದು), ಬಾರ್ ಬೆಂಡಿಂಗ್ (ಕಂಬಿ ಬಗ್ಗಿಸಿ ಕಟ್ಟುವುದು), ಪ್ಲಾಸ್ಟರಿಂಗ್, ಪ್ಲಂಬಿಂಗ್ ಬೇರೆ ಬೇರೆ ಗುತ್ತಿಗೆಯಾದವು; ಇಡೀ ಕೆಲಸದ ಹದ ಒಬ್ಬನ ಕೈಯಲ್ಲಿ ಉಳಿಯಲಿಲ್ಲ. ಹುಡುಗ ಇವತ್ತಿಗೂ ಕಲಿಯುವುದು ನೋಡಿ ನೋಡಿಯೇ. ಮೊದಲು ಬಾಣಲಿ, ಆಮೇಲೆ ಕಲಸುವುದು, ಆಮೇಲೆ ದಾರದ ನೇರಕ್ಕೆ ಇಟ್ಟಿಗೆ ಇಡುವುದು; ತೂಗುಗುಂಡು ಬಿಟ್ಟು ಮೂಲೆ ಎಬ್ಬಿಸುವುದು ಎಲ್ಲಕ್ಕಿಂತ ಕೊನೆಗೆ. ‘ಹೀಗೆ ಮಾಡು’ ಎನ್ನುವವರಿದ್ದಾರೆ, ‘ಯಾಕೆ’ ಎಂದು ಬಿಡಿಸಿ ಹೇಳುವವರಿಲ್ಲ.

ಮೋಲ್ಡ್ ಹಾಕುವ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವ ದಿನ ಇದು ಕಣ್ಣಿಗೆ ಕಟ್ಟುತ್ತದೆ. 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ 25 ಲೀಟರ್ ಆಸುಪಾಸು ನೀರು ಸಾಕು. ಕಲಸಿದ ಮಾಲು ಸಲೀಸಾಗಿ ಜಾರಲಿ ಎಂದು ಪೈಪ್ ಹಿಡಿದ ಹುಡುಗ ಇನ್ನಷ್ಟು ಬಿಡುತ್ತಾನೆ. ಹೆಚ್ಚಾದ ನೀರು ಆರಿದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿದು ಬಲ ಕುಗ್ಗುತ್ತದೆ, ಮಳೆಗಾಲದಲ್ಲಿ ತಾರಸಿ ತೊಟ್ಟಿಕ್ಕುತ್ತದೆ. ಕಂಬಿಯ ಕೆಳಗೆ ಅದನ್ನು ಎತ್ತಿ ಹಿಡಿಯುವ 20 ಮಿಲಿಮೀಟರ್ ಬಿಲ್ಲೆ, ಕವರ್ ಬ್ಲಾಕ್, ಇಡಬೇಕಾದಲ್ಲಿ ಕೈಗೆ ಸಿಕ್ಕ ಜಲ್ಲಿ ಚೂರು ಇಟ್ಟರೆ ಅದು ತುಳಿತಕ್ಕೆ ಜಾರುತ್ತದೆ. ಕೆಲವು ವರ್ಷಕ್ಕೆ ಕಂಬಿ ತುಕ್ಕು ಹಿಡಿದು ಉಬ್ಬಿ, ಸೂರಿನಿಂದ ಸಿಮೆಂಟ್ ಚಕ್ಕೆ ಉದುರತೊಡಗುತ್ತದೆ. 4.5 ಮೀಟರ್‌ವರೆಗಿನ ಸ್ಲ್ಯಾಬ್‌ನ ಊರುಗೋಲನ್ನು 7 ದಿನ ಮುಟ್ಟಬಾರದು, ಅದಕ್ಕಿಂತ ಅಗಲವಾದರೆ 14 ದಿನ. ಸೆಂಟ್ರಿಂಗ್ ಶೀಟಿನ ಬಾಡಿಗೆ ಉಳಿಸಲು ಅವಸರ ಮಾಡಿ ಬಿಚ್ಚಿಸುವವನು ಮಾಲೀಕ ಇಲ್ಲವೇ ಗುತ್ತಿಗೆದಾರ. ಸ್ಲ್ಯಾಬ್ ಬಾಗಿದ ಮೇಲೆ ಬೈಗುಳ ಮಾತ್ರ ಗಾರೆಯವನಿಗೆ.

ಮೈಕೈ ಮಣ್ಣಾಗುತ್ತದೆ ಎನ್ನುವುದು ಅಸಡ್ಡೆಗೆ ಕಾರಣ ಎಂದು ನಮಗನ್ನಿಸುವುದಿಲ್ಲ. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಐಟಿಐಗಳಲ್ಲಿ ಗಾರೆ, ಪ್ಲಂಬಿಂಗ್, ಬಡಗಿ ಟ್ರೇಡ್‌ಗಳೂ ಇವೆ. ಹುಡುಗರು ಮುಗಿಬೀಳುವುದು ಎಲೆಕ್ಟ್ರಿಷಿಯನ್, ಫಿಟ್ಟರ್ ಸೀಟಿಗೆ. ಫಿಟ್ಟರ್‌ನ ಕೈಗೇನು ಗ್ರೀಸ್ ಅಂಟುವುದಿಲ್ಲವೇ? ಆದರೆ ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆ ಸೇರಿದರೆ ಕೊರಳಲ್ಲಿ ಐಡಿ ಕಾರ್ಡ್, ಕಂಪನಿ ಬಸ್ಸು, ಪಿಎಫ್, ಇಎಸ್‌ಐ. ಬ್ಯಾಂಕ್ ಸಾಲಕ್ಕೆ ತೋರಿಸಲು ಸಂಬಳದ ಚೀಟಿ. ಬೀಗರು ನೋಡುವುದೂ ಅದನ್ನೇ. ಮೇಸ್ತ್ರಿ ಹೆಚ್ಚು ದುಡಿದರೂ ಮಳೆ ಬಂದ ದಿನ ಕೂಲಿ ಇಲ್ಲ, ಸಾರುವೆಯಿಂದ ಬಿದ್ದರೆ ಕೇಳುವವರಿಲ್ಲ, ದುಡಿದಿದ್ದಕ್ಕೆ ಒಂದು ಕಾಗದವೂ ಇಲ್ಲ.

ಕಾಗದ ಕೊಡುವ ಕಾನೂನು ಬಂದದ್ದು 1996ರಲ್ಲಿ. ಕಟ್ಟಡದ ವೆಚ್ಚದ ಮೇಲೆ ಶೇ 1ರ ಸೆಸ್ (ಉಪಕರ) ಹಾಕಿ, ಆ ಹಣದಿಂದ ಕಾರ್ಮಿಕರಿಗೆ ಪಿಂಚಣಿ, ಅಪಘಾತ ಪರಿಹಾರ, ಮಕ್ಕಳ ಓದಿಗೆ ನೆರವು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ರಚನೆಯಾಗಲು 2007 ಬರಬೇಕಾಯಿತು. 18ರಿಂದ 60 ವಯಸ್ಸಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ತೊಡಕಿರುವುದು ಆ 90 ದಿನದಲ್ಲೇ. ಒಬ್ಬ ಮೇಸ್ತ್ರಿ ವರ್ಷಕ್ಕೆ ಹತ್ತಾರು ಮನೆ ಸುತ್ತುತ್ತಾನೆ, ಹಾಜರಿ ಪುಸ್ತಕ ಇಟ್ಟವರು ಅಪರೂಪ. ಈ ಸಂದಿಯಲ್ಲೇ ಏಜೆಂಟರು ಹುಟ್ಟಿಕೊಂಡು, ಕರಣೆ ಮುಟ್ಟದವರಿಗೂ ನೋಂದಣಿಯ ಕಾರ್ಡ್ ಮಾಡಿಸಿದರು. ಈಗ ಕಾರ್ಮಿಕ ಇಲಾಖೆ ನಕಲಿ ಕಾರ್ಡ್ ರದ್ದು ಮಾಡುತ್ತಿದೆ. ಆದರೆ ಪರಿಶೀಲನೆಗೆ ಕರೆದಾಗ ತಡವರಿಸುವವನು ನಿಜವಾದ ಗಾರೆಯವನೇ: ಯಾವ ಸೈಟಿನಲ್ಲಿ ಎಷ್ಟು ದಿನ ದುಡಿದೆ ಎಂಬುದಕ್ಕೆ ಮಾಲೀಕರ ಸಹಿ ತೆಗೆದುಕೊಂಡಿರುವುದಿಲ್ಲ, ಮನೆ ಕಟ್ಟಿಸಿದವರೂ ಬರೆದುಕೊಟ್ಟಿರುವುದಿಲ್ಲ.